ಇವತ್ತು ಕೊಂಡ ಕಾರ್ಡನ್ನು ಇವತ್ತೇ ಮಾರಿದರೆ ಕೈಗೆ ಎಷ್ಟು?

ಪ್ರಶ್ನೆ: ನಾನು ನಿವೃತ್ತ, ವಾಸ ಮೈಸೂರು. ಮಗ ಅಮೆರಿಕದ ಡಲ್ಲಾಸ್‌ನಲ್ಲಿದ್ದಾನೆ. ಅಲ್ಲಿ ಬೇಸ್‌ಬಾಲ್, ಬಾಸ್ಕೆಟ್‌ಬಾಲ್ ಆಟಗಾರರ ಚಿತ್ರ ಅಚ್ಚಾದ, ಜನ ಸಂಗ್ರಹಿಸುವ ಕಾರ್ಡುಗಳು ಷೇರಿಗಿಂತ ಜೋರಾಗಿ ಬೆಳೆಯುತ್ತವೆ, 8 ಲಕ್ಷ ಕಳಿಸಿ, ಇಬ್ಬರೂ ಸೇರಿ ಹೂಡೋಣ ಎನ್ನುತ್ತಿದ್ದಾನೆ. ಈಗಾಗಲೇ ಕಾರ್ಡು ತುಂಬಿದ, ಸೀಲ್ ಒಡೆಯದ ನಾಲ್ಕು ಬಾಕ್ಸ್ ಕೊಂಡಿಟ್ಟಿದ್ದಾನೆ. ಇತ್ತ ಪರಿಚಯದವರೊಬ್ಬರು ಸಚಿನ್ ತೆಂಡೂಲ್ಕರ್ ಪಂದ್ಯದಲ್ಲಿ ಆಡಿದ, ಸಹಿ ಹಾಕಿದ ಬ್ಯಾಟ್ ಎಂದು ಪ್ರಮಾಣಪತ್ರ ಸಮೇತ ಒಂದೂವರೆ ಲಕ್ಷಕ್ಕೆ ಕೊಡುತ್ತೇನೆ ಎಂದಿದ್ದಾರೆ. ಎರಡರಲ್ಲಿ ಯಾವುದು ಒಳ್ಳೆಯದು?

ಉತ್ತರ: ನೀವು ಬರೆದಿರುವ ರೀತಿಯಲ್ಲಿ ಎರಡೂ ಬೇಡ. ನಿವೃತ್ತಿಯ ಹಣದಲ್ಲಂತೂ ಬೇಡವೇ ಬೇಡ. ಹಾಗೆಂದು ಕಾರ್ಡು ವ್ಯವಹಾರವೇ ಮೋಸ ಎಂದಲ್ಲ. ಅಮೆರಿಕದಲ್ಲಿ ಇದಕ್ಕೆ ನಿಜವಾದ ಮಾರುಕಟ್ಟೆ ಇದೆ, ನಿಜವಾಗಿ ದುಡ್ಡು ಮಾಡಿದವರೂ ಇದ್ದಾರೆ. ಆದರೆ ಮಗ ಹೇಳುತ್ತಿರುವುದು ಕೊಳ್ಳುವ ಲೆಕ್ಕ. ಈ ವ್ಯವಹಾರದಲ್ಲಿ ದುಡ್ಡು ಸೋರುವುದು ಮಾರುವಾಗ. ಆದ್ದರಿಂದ ಯಾವ ಕಾರ್ಡು, ಯಾವ ಬ್ಯಾಟ್ ಎದುರಿಗೆ ಬಂದರೂ ಮೊದಲು ಕೇಳಿಕೊಳ್ಳಬೇಕಾದದ್ದು ಇಷ್ಟೇ: ಇದನ್ನು ಇವತ್ತು ಸಂಜೆಯೇ ಮಾರಬೇಕಾಗಿ ಬಂದರೆ ಖರ್ಚೆಲ್ಲ ಕಳೆದು ಕೈಗೆ ಎಷ್ಟು ಬರುತ್ತದೆ?

ಬೇಸ್‌ಬಾಲ್ ಆಟಗಾರ ಮಿಕಿ ಮ್ಯಾಂಟಲ್ ಕಾರ್ಡಿನ ಸುದ್ದಿಯನ್ನು ಮಗ ನಿಮಗೆ ಕಳಿಸಿರಲೂಬಹುದು. 1952ರ ಟಾಪ್ಸ್ ಕಂಪನಿಯ 311ನೇ ನಂಬರಿನ ಕಾರ್ಡು. 1991ರಲ್ಲಿ 50,000 ಡಾಲರ್‌ಗೆ ಕೈಬದಲಾದ ಒಂದು ಪ್ರತಿ 2022ರ ಆಗಸ್ಟ್‌ನಲ್ಲಿ ಹೆರಿಟೇಜ್ ಹರಾಜಿನಲ್ಲಿ 1.26 ಕೋಟಿ ಡಾಲರ್‌ಗೆ ಹೋಯಿತು. ಚಕ್ರಬಡ್ಡಿ ಲೆಕ್ಕದಲ್ಲಿ 31 ವರ್ಷ, ವರ್ಷಕ್ಕೆ ಸುಮಾರು ಶೇ 19.5. ಬೆರಗಾಗುವಂಥದ್ದೇ. ಆದರೆ ಆ ಕಾರ್ಡು ಅಪರೂಪವಾದದ್ದು ಹೇಗೆಂದು ನೋಡಿ. ಆ ವರ್ಷದ ಕೊನೆಯ ಸರಣಿ ಸರಿಯಾಗಿ ಮಾರಾಟವಾಗಲಿಲ್ಲ. ಉಳಿದ ಪೆಟ್ಟಿಗೆಗಳನ್ನು ಕಂಪನಿಯವರೇ 1960ರ ಸುಮಾರಿಗೆ ಸಮುದ್ರಕ್ಕೆ ಸುರಿದರು. ಮಾರಾಟವಾದವು ಮಕ್ಕಳ ಜೇಬಿನಲ್ಲಿ, ಸೈಕಲ್ ಚಕ್ರದ ಕಡ್ಡಿಗಳ ನಡುವೆ ಹಾಳಾದವು. ಆಗ ಯಾರೂ ಅದನ್ನು ಹೂಡಿಕೆ ಎಂದುಕೊಂಡಿರಲಿಲ್ಲ, ಬೆಲೆ ಬಂದಿರುವುದು ಅದಕ್ಕೇ.

1980ರ ದಶಕದ ಕೊನೆಗೆ ಈ ಕಥೆಗಳು ಹಬ್ಬಿ, ಅಮೆರಿಕದ ಮನೆಮನೆಯಲ್ಲೂ ಕಾರ್ಡುಗಳನ್ನು ಪ್ಲಾಸ್ಟಿಕ್ ಹಾಳೆಗೆ ತುಂಬಿ ಎತ್ತಿಡತೊಡಗಿದರು. ಕಂಪನಿಗಳೂ ಕೈಬಿಚ್ಚಿ ಅಚ್ಚು ಹಾಕಿದವು. 1989ರ ಅಪ್ಪರ್ ಡೆಕ್ ಸರಣಿಯ ಒಂದನೇ ನಂಬರಿನ, ಬೇಸ್‌ಬಾಲ್ ಆಟಗಾರ ಕೆನ್ ಗ್ರಿಫಿ ಜೂನಿಯರ್ ಕಾರ್ಡು ಆ ಕಾಲದ ರತ್ನ. ಅದರ ಅತ್ಯುತ್ತಮ ದರ್ಜೆಯ ಪ್ರತಿಗಳೇ ಇವತ್ತು ಸಾವಿರಗಟ್ಟಲೆ ಇವೆ. ಅದೇ ಕಾಲದ ಸಾಧಾರಣ ಆಟಗಾರರ ಕಾರ್ಡನ್ನು ಪೆಟ್ಟಿಗೆಗಟ್ಟಲೆ ಕೊಟ್ಟರೂ ಕೇಳುವವರಿಲ್ಲ. ಇಂಗ್ಲೆಂಡಿನಲ್ಲಿ 1930ರ ದಶಕದಲ್ಲಿ ಜಾನ್ ಪ್ಲೇಯರ್ ಸಿಗರೇಟು ಕಂಪನಿ ಕೊಡುತ್ತಿದ್ದ 50 ಕಾರ್ಡುಗಳ ಕ್ರಿಕೆಟ್ ಸೆಟ್‌ಗಳದ್ದೂ ಇದೇ ಹಾಡು. ಬ್ರಾಡ್ಮನ್ ಮುಖವೂ ಅದರಲ್ಲಿದೆ, ವಯಸ್ಸು ತೊಂಬತ್ತರ ಹತ್ತಿರ. ಆದರೂ ಇಡೀ ಸೆಟ್ಟು ಅಗ್ಗಕ್ಕೇ ಸಿಗುತ್ತದೆ. ಲಕ್ಷಾಂತರ ಅಚ್ಚಾಗಿದ್ದವು, ಜನ ಆಲ್ಬಮ್ಮಿಗೆ ಹಾಕಿ ಜೋಪಾನ ಮಾಡಿದ್ದರು.

ಇನ್ನು ಬೆಲೆಯ ಏರಿಳಿತ. 1986ರ ಫ್ಲೀರ್ ಸರಣಿಯ 57ನೇ ನಂಬರಿನ ಮೈಕೆಲ್ ಜೋರ್ಡನ್ ಕಾರ್ಡು ಬಾಸ್ಕೆಟ್‌ಬಾಲ್ ಸಂಗ್ರಹಕಾರರಿಗೆ ಚಿನ್ನದ ಗಟ್ಟಿಯಿದ್ದ ಹಾಗೆ. ಕಾರ್ಡಿನ ಸ್ಥಿತಿ ನೋಡಿ ಅಂಕ ಕೊಡುವ (ಗ್ರೇಡಿಂಗ್) ಪಿಎಸ್ಎ ಸಂಸ್ಥೆಯ 10ನೇ, ಅಂದರೆ ಅತ್ಯುತ್ತಮ ದರ್ಜೆಯ ಎರಡು ಪ್ರತಿಗಳು 2021ರ ಜನವರಿ ಕೊನೆಯಲ್ಲಿ ತಲಾ 7,38,000 ಡಾಲರ್‌ಗೆ ಹೋದವು. 2022ರ ಹೊತ್ತಿಗೆ ಅದೇ ದರ್ಜೆಯ ಅದೇ ಕಾರ್ಡು 2 ಲಕ್ಷ ಡಾಲರ್ ಆಸುಪಾಸಿಗೆ ಬಂದು ನಿಂತಿತ್ತು. ಆಟ ಬಿಟ್ಟು ಎಷ್ಟೋ ವರ್ಷವಾದ ಜೋರ್ಡನ್ ಇನ್ನು ಕೆಟ್ಟದಾಗಿ ಆಡಿ ಹೆಸರು ಕೆಡಿಸಿಕೊಳ್ಳುವ ಹಾಗಿಲ್ಲ, ಕಾರ್ಡುಗಳ ಸಂಖ್ಯೆಯೂ ದಿಢೀರನೆ ಹೆಚ್ಚಲಿಲ್ಲ. ಲಾಕ್‌ಡೌನ್‌ನಲ್ಲಿ ಮನೆಯಲ್ಲಿ ಕೂತವರ ದುಡ್ಡು ಬಂತು, ಹೋಯಿತು, ಅಷ್ಟೇ. ಗ್ರೇಡಿಂಗಿಗೆ ಕಾರ್ಡುಗಳ ರಾಶಿ ಬಿದ್ದು 2021ರ ಮಾರ್ಚ್ ಕೊನೆಗೆ ಪಿಎಸ್ಎ ತನ್ನ ಮುಖ್ಯ ಸೇವೆಗಳನ್ನೇ ತಾತ್ಕಾಲಿಕವಾಗಿ ನಿಲ್ಲಿಸಬೇಕಾಯಿತು. ಅಂಥ ಜಾತ್ರೆ ನಡೆಯುವಾಗ ಕೊಂಡವರು ಇನ್ನೂ ಬೆಲೆ ಏರಲೆಂದು ಕಾಯುತ್ತಿದ್ದಾರೆ.

ಗ್ರೇಡಿಂಗ್ ಎಂದೆನಲ್ಲ, ಅದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಬೆಲೆಯ ಜೀವ ಇರುವುದೇ ಅಲ್ಲಿ. ಪಿಎಸ್ಎ, ಎಸ್‌ಜಿಸಿ, ಬೆಕೆಟ್‌ನಂಥ ಸಂಸ್ಥೆಗಳು ಕಾರ್ಡನ್ನು ಪರೀಕ್ಷಿಸಿ 1ರಿಂದ 10ರವರೆಗೆ ಅಂಕ ಕೊಟ್ಟು ಗಟ್ಟಿ ಪ್ಲಾಸ್ಟಿಕ್ ಪೆಟ್ಟಿಗೆಯಲ್ಲಿ ಸೀಲ್ ಮಾಡುತ್ತವೆ. ಅದಕ್ಕೆ ಸ್ಲ್ಯಾಬ್ ಎನ್ನುತ್ತಾರೆ. ನೋಡುವುದು ನಾಲ್ಕು: ಚಿತ್ರ ಎಷ್ಟು ನಡುಮಧ್ಯಕ್ಕಿದೆ, ಮೂಲೆ, ಅಂಚು, ಮೇಲ್ಮೈ. ಪಿಎಸ್ಎ 10 ಸಿಗಬೇಕಾದರೆ ಮುಂಭಾಗದ ಎದುರುಬದುರು ಅಂಚುಗಳ ಅಗಲ ಸುಮಾರು 55ಕ್ಕೆ 45ರೊಳಗೆ ಇರಬೇಕು. ಅಂದರೆ ಎಡ ಬಲ ಬಿಳಿ ಪಟ್ಟಿ ಸೇರಿ 6 ಮಿಲಿಮೀಟರ್ ಇದ್ದರೆ, ಒಂದು ಕಡೆ 3.3, ಇನ್ನೊಂದು ಕಡೆ 2.7, ಅದಕ್ಕಿಂತ ಜರುಗಿದ್ದರೆ ಮೂಲೆ ಎಷ್ಟೇ ಚೂಪಾಗಿದ್ದರೂ 10 ಇಲ್ಲ. ಇಷ್ಟು ಸಣ್ಣ ವ್ಯತ್ಯಾಸಕ್ಕೆ ಜೋರ್ಡನ್ ಕಾರ್ಡಿನಲ್ಲಿ 9ನೇ ದರ್ಜೆಯದು 10ರ ಬೆಲೆಯ ಸುಮಾರು ಹತ್ತನೇ ಒಂದು ಭಾಗಕ್ಕೆ ಇಳಿಯುತ್ತದೆ.

ಹೊಸ ಕಾಲದ ಕಾರ್ಡುಗಳಲ್ಲಿ ಇದು ಇನ್ನೂ ಕ್ರೂರ, ಯಾಕೆಂದರೆ 10 ಬರದಿದ್ದರೆ ಗ್ರೇಡಿಂಗ್ ಖರ್ಚೂ ಹುಟ್ಟುವುದಿಲ್ಲ. ಒಂದು ಲೆಕ್ಕ ಹಾಕೋಣ, ಅಂಕಿಗಳು ಬರೀ ಉದಾಹರಣೆಗೆ. ಗ್ರೇಡ್ ಆಗದ ಕಾರ್ಡಿಗೆ 100 ಡಾಲರ್. ಡಲ್ಲಾಸಿನ ಮಾರಾಟ ತೆರಿಗೆ ಶೇ 8.25, ಅಂದರೆ 8.25 ಡಾಲರ್. ಗ್ರೇಡಿಂಗ್ ಶುಲ್ಕ 30, ಹೋಗಿ ಬರುವ ಅಂಚೆ ಮತ್ತು ವಿಮೆಗೆ 15. ಒಟ್ಟು ಸುಮಾರು 153. ಪಿಎಸ್ಎ 10 ಬಂದು ಇಬೇ ಎಂಬ ಆನ್‌ಲೈನ್ ಮಾರುಕಟ್ಟೆಯಲ್ಲಿ 250ಕ್ಕೆ ಹೋಯಿತೆನ್ನಿ. ಇಬೇ ಶೇ 13ರ ಆಸುಪಾಸು ಹಿಡಿಯುತ್ತದೆ, ಅಂಚೆಗೆ 6 ಹೋಗುತ್ತದೆ. ಕೈಗೆ 211, ಲಾಭ 58. ಅದೇ 9 ಬಂದು 90ಕ್ಕೆ ಮಾರಿದರೆ ಕೈಗೆ 72, ನಷ್ಟ 81. ಅಸಲು ಹುಟ್ಟಬೇಕೆಂದರೂ ಕಳಿಸಿದ ನೂರು ಕಾರ್ಡುಗಳಲ್ಲಿ 59ಕ್ಕೆ ಹತ್ತಕ್ಕೆ ಹತ್ತು ಬರಬೇಕು. 100ರ ಕಾರ್ಡು 250 ಆಯ್ತು ಎಂದು ಮಗ ಫೋನಿನಲ್ಲಿ ಹೇಳುವುದು ಕನ್ನಡಿಯೊಳಗಿನ ಗಂಟು. ಕೈಗೆ ಬರುವುದು 58, ಅದೂ ಗೆದ್ದರೆ.

ಅರ್ಜೆಂಟಾಗಿ ಅಂಗಡಿಗೆ ಮಾರಿದರೆ ಮಾರುಕಟ್ಟೆ ಬೆಲೆಯ ಶೇ 60ರಿಂದ 80 ಕೊಡುತ್ತಾರೆ. ಅದು ಮೋಸವಲ್ಲ, ಅವರಿಗೂ ಬಾಡಿಗೆ ಇದೆ. ದೊಡ್ಡ ಹರಾಜು ಮನೆಗಳಲ್ಲಿ ಕೊಳ್ಳುವವನೇ ಕೂಗಿದ ಬೆಲೆಯ ಮೇಲೆ ಶೇ 20ರಷ್ಟೋ ಇನ್ನೂ ಹೆಚ್ಚೋ ಸೇರಿಸಿ ಕೊಡಬೇಕು. ಬ್ರಾಡ್ಮನ್ 1947–48ರಲ್ಲಿ ಭಾರತದ ವಿರುದ್ಧ ಆಡುವಾಗ ತೊಟ್ಟಿದ್ದ ಹಸಿರು ಟೋಪಿ 2024ರ ಡಿಸೆಂಬರ್‌ನಲ್ಲಿ ಸಿಡ್ನಿಯಲ್ಲಿ ಬಾನಮ್ಸ್ ಹರಾಜಿಗೆ ಬಂತು. ಸುತ್ತಿಗೆ ಬಿದ್ದದ್ದು 3,90,000 ಆಸ್ಟ್ರೇಲಿಯನ್ ಡಾಲರ್‌ಗೆ, ಕೊಂಡವರು ಕಟ್ಟಿದ್ದು 4,79,700. ಪತ್ರಿಕೆಯಲ್ಲಿ ಬರುವುದು ಹೆಚ್ಚಾಗಿ ಎರಡನೇ ಅಂಕಿ. ಅದೇ ಟೋಪಿಯನ್ನು ಮರುದಿನ ಅದೇ ಬೆಲೆಗೆ ಕೂಗಿಸಿದರೂ ಕೊಂಡವರಿಗೆ ಆ ತೊಂಬತ್ತು ಸಾವಿರ ವಾಪಸ್ ಬರುವುದಿಲ್ಲ.

ಸ್ಲ್ಯಾಬ್ ಇದ್ದರೆ ಸಾಕು, ಭಯವಿಲ್ಲ ಎನ್ನುವವರಿಗೆ ಒಂದು ಮಾತು. ಪಿಎಸ್ಎ 1991ರಲ್ಲಿ ಮೊಟ್ಟಮೊದಲು ದರ್ಜೆ ಕೊಟ್ಟ ಕಾರ್ಡೇ ಹಳೆಯ ಬೇಸ್‌ಬಾಲ್ ಆಟಗಾರ ಹೋನಸ್ ವಾಗ್ನರ್‌ನ, ಟಿ206 ಎಂಬ ಸಿಗರೇಟು ಕಾರ್ಡು ಸರಣಿಯ ಪ್ರಸಿದ್ಧ ಕಾರ್ಡು. ಅದಕ್ಕೆ 8 ಕೊಟ್ಟಿದ್ದರು. ಅದನ್ನು ಹಿಂದೆ ಮಾರಿದ್ದ ಹರಾಜುದಾರ ಬಿಲ್ ಮಾಸ್ಟ್ರೋ 2013ರಲ್ಲಿ ಅದರ ಅಂಚನ್ನು ತಾನೇ ಕತ್ತರಿಸಿ ನೇರ ಮಾಡಿದ್ದಾಗಿ ಒಪ್ಪಿಕೊಂಡ. ಹರಾಜಿನಲ್ಲಿ ಮಾಡಿದ ಮೋಸಕ್ಕೆ 2015ರಲ್ಲಿ 20 ತಿಂಗಳ ಶಿಕ್ಷೆಯೂ ಆಯಿತು. ಹಾಗಾಗಿ ಸ್ಲ್ಯಾಬಿನ ಮೇಲಿನ ನಂಬರನ್ನು ಸಂಸ್ಥೆಯ ಜಾಲತಾಣದಲ್ಲಿ ಹಾಕಿ, ಅಲ್ಲಿ ಚಿತ್ರವಿದ್ದರೆ ಕೈಯಲ್ಲಿರುವ ಕಾರ್ಡಿನ ಜೊತೆ ಚುಕ್ಕೆ ಚುಕ್ಕೆ ಹೋಲಿಸಿ ನೋಡಬೇಕು. ನಂಬರು ನಿಜವಿದ್ದು ಪೆಟ್ಟಿಗೆ ನಕಲಿ ಇರುವುದೂ ಉಂಟು.

ಸ್ಲ್ಯಾಬ್ ಇಲ್ಲದ ಕಾರ್ಡಾದರೆ ವಾಚ್ ರಿಪೇರಿಯವರು ಕಣ್ಣಿಗೆ ಸಿಕ್ಕಿಸಿಕೊಳ್ಳುವ 10 ಪಟ್ಟಿನ ಭೂತಗನ್ನಡಿ ಬೇಕು. ಮೊದಲು ಅಕ್ಷರಗಳನ್ನು ನೋಡಲು ಮಗನಿಗೆ ಹೇಳಿ. ಆಫ್‌ಸೆಟ್ ಮುದ್ರಣದ ಅಸಲಿ ಕಾರ್ಡಿನಲ್ಲಿ ಚಿತ್ರದ ಭಾಗ ಬಣ್ಣಬಣ್ಣದ ಚುಕ್ಕೆಗಳ ಹೂವಿನಂತೆ ಕಾಣುತ್ತದೆ, ಕಪ್ಪು ಅಕ್ಷರ ಮತ್ತು ಗೆರೆ ಮಾತ್ರ ಒಂದೇ ಶಾಯಿಯಲ್ಲಿ ಗಟ್ಟಿಯಾಗಿ ಬಿದ್ದಿರುತ್ತದೆ. ಅಸಲಿಯನ್ನು ಸ್ಕ್ಯಾನ್ ಮಾಡಿ ಅಚ್ಚು ಹಾಕಿದ ನಕಲಿಯಲ್ಲಿ ಅಕ್ಷರವೂ ಚುಕ್ಕೆಗಳಾಗಿ ಒಡೆದಿರುತ್ತದೆ, ಅಂಚು ಮಬ್ಬಾಗಿರುತ್ತದೆ. ಜೋರ್ಡನ್ ಕಾರ್ಡಿನ ನಕಲಿಗಳಲ್ಲಿ ಎಷ್ಟೋ ಸಿಕ್ಕಿಬೀಳುವುದು ಇಲ್ಲೇ. ಆಮೇಲೆ ಅಳತೆ. 1957ರಿಂದ ಈಚೆಗೆ ಸಾಮಾನ್ಯ ಅಳತೆ ಎರಡೂವರೆಗೆ ಮೂರೂವರೆ ಇಂಚು, ಅಂದರೆ 63.5 x 88.9 ಮಿಲಿಮೀಟರ್. ಅದೇ ಸರಣಿಯ ಬೆಲೆಯಿಲ್ಲದ ಕಾರ್ಡೊಂದನ್ನು ಕೆಳಗಿಟ್ಟು ಇದನ್ನು ಮೇಲಿಟ್ಟರೆ ಕತ್ತರಿಸಿದ ಅಂಚು ಒಳಗೆ ಸರಿದು ನಿಲ್ಲುತ್ತದೆ.

ಮಗನ ನಾಲ್ಕು ಬಾಕ್ಸ್‌ಗಳ ವಿಷಯ. ಸೀಲ್ ಒಡೆದರೆ ಅದು ಲಾಟರಿ. ಒಳಗಿನ ಕಾರ್ಡುಗಳ ಒಟ್ಟು ಬೆಲೆ ಬಾಕ್ಸಿನ ಬೆಲೆಗಿಂತ ಕಡಿಮೆ ಇರುವುದೇ ಹೆಚ್ಚು. ಹಾಗಿಲ್ಲದಿದ್ದರೆ ಅಂಗಡಿಯವನೇ ಒಡೆದು ಬಿಡಿಬಿಡಿಯಾಗಿ ಮಾರುತ್ತಿದ್ದ. ಒಡೆಯದೆ ಇಟ್ಟರೆ ಬೆಲೆ ನಿಲ್ಲುವುದು ಆ ವರ್ಷದ ಹೊಸ ಆಟಗಾರರ ಮೇಲೆ. ಅವರು ಮುಂದೆ ಮಹಾನ್ ಆಟಗಾರರಾಗುತ್ತಾರೆಂದು ಈಗಲೇ ದುಡ್ಡು ಕಟ್ಟುವುದು ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿದಂತೆ. ಒಂದು ಮಂಡಿ ಗಾಯಕ್ಕೆ ಎಲ್ಲ ಮುಗಿಯಿತು. ಲೀಗಿನ ಪರವಾನಗಿ ಇಲ್ಲದ ಕಂಪನಿಯ ಕಾರ್ಡಿನಲ್ಲಿ ತಂಡದ ಲಾಂಛನ ಇರುವುದಿಲ್ಲ, ಅಂಗಿ ಬೋಳುಬೋಳಾಗಿರುತ್ತದೆ. ಅಂಥವಕ್ಕೆ ಬೇಡಿಕೆ ಕಡಿಮೆ, ಬಾಕ್ಸಿನ ಮೇಲೆ ಅದನ್ನು ನೋಡಿಕೊಳ್ಳಲಿ. ಹಳೆಯ ಬಾಕ್ಸ್‌ಗಳಲ್ಲಿ ಸೀಲ್ ತೆಗೆದು ಒಳ್ಳೆಯದನ್ನು ಎತ್ತಿಕೊಂಡು ಮತ್ತೆ ಸುತ್ತಿರುವ ಅಪಾಯವೂ ಇದೆ. ಕ್ರೀಡೆಯದಲ್ಲದಿದ್ದರೂ ಪಾಠ ಒಂದೇ: ಯೂಟ್ಯೂಬರ್ ಲೋಗನ್ ಪಾಲ್ 35 ಲಕ್ಷ ಡಾಲರ್ ಕೊಟ್ಟು ಕೊಂಡ ಪೋಕೆಮಾನ್ ಕಾರ್ಟೂನ್ ಕಾರ್ಡುಗಳ ಪೆಟ್ಟಿಗೆಯನ್ನು 2022ರ ಜನವರಿಯಲ್ಲಿ ತೆರೆದರೆ ಒಳಗಿದ್ದದ್ದು ಬೇರೆಯೇ ಆದ ಜಿ.ಐ. ಜೋ ಕಾರ್ಡುಗಳು. ಪರಿಶೀಲನೆ ಆಗಿದೆ ಎಂಬ ಮುದ್ರೆಯೂ ಅದರ ಮೇಲಿತ್ತು.

ಆಟಗಾರರ ಅಂಗಿಯ ತುಂಡು ಅಂಟಿಸಿದ ಕಾರ್ಡುಗಳೂ ಬಾಕ್ಸಿನಲ್ಲಿ ಬರುತ್ತವೆ. ಅವುಗಳ ಬೆನ್ನ ಮೇಲಿನ ಸಣ್ಣ ಅಕ್ಷರ ಓದಬೇಕು. ಪಂದ್ಯದಲ್ಲಿ ಬಳಸಿದ್ದು ಎಂದಿದ್ದರೆ ಒಂದು ಬೆಲೆ. ಆಟಗಾರ ತೊಟ್ಟದ್ದು ಎಂದಷ್ಟೇ ಇದ್ದರೆ ಫೋಟೋ ತೆಗೆಸಿಕೊಳ್ಳುವಾಗ ಎರಡು ನಿಮಿಷ ತೊಟ್ಟು ಬಿಚ್ಚಿರಬಹುದು. ಯಾವುದೇ ನಿರ್ದಿಷ್ಟ ಆಟಗಾರ ಅಥವಾ ಪಂದ್ಯಕ್ಕೆ ಸಂಬಂಧಿಸಿದ್ದಲ್ಲ ಎಂದು ಇದ್ದರೆ ಅದು ಬರೀ ಬಟ್ಟೆ ಚೂರು.

ಕಾರ್ಡುಗಳನ್ನು ಮೈಸೂರಿಗೆ ತರಿಸುವ ಯೋಚನೆ ಇದ್ದರೆ ಬಿಡಿ. ಕಸ್ಟಮ್ಸ್ ಸುಂಕ, ಜಿಎಸ್‌ಟಿ, ಕೊರಿಯರ್‌ನವರ ಶುಲ್ಕ ಎಲ್ಲ ಕೊಟ್ಟು ತಂದದ್ದನ್ನು ಕೊಳ್ಳುವವರಿರುವುದು ಅಲ್ಲೇ. ಮತ್ತೆ ಅಲ್ಲಿಗೇ ಕಳಿಸಬೇಕು. ಇಲ್ಲಿ ಇಡಲೇಬೇಕಾದರೆ ಮೊದಲು ತೆಳು ಪ್ಲಾಸ್ಟಿಕ್ ಚೀಲ (ಸ್ಲೀವ್), ಅದರ ಮೇಲೆ ಟಾಪ್‌ಲೋಡರ್ ಎಂಬ ಗಟ್ಟಿ ಪ್ಲಾಸ್ಟಿಕ್ ಕವಚ. ಸಾಧಾರಣ ಕಾರ್ಡಿಗೆ 35 ಪಾಯಿಂಟ್ ದಪ್ಪದ್ದು, ಬಟ್ಟೆ ಚೂರಿನ ಕಾರ್ಡಿಗೆ 130ರದ್ದು. ಒಂದು ಪಾಯಿಂಟ್ ಎಂದರೆ ಇಂಚಿನ ಸಾವಿರದಲ್ಲೊಂದು ಭಾಗ. ರಬ್ಬರ್ ಬ್ಯಾಂಡ್ ಹಾಕಬೇಡಿ, ಅಂಚು ತಿನ್ನುತ್ತದೆ. ಗಾಳಿಯ ತೇವ ಶೇ 45–50ರ ಸುತ್ತ ಇದ್ದರೆ ಒಳ್ಳೆಯದು. ಮೈಸೂರಿನ ಹವೆಗೆ ಪರವಾಗಿಲ್ಲ. ಮಂಗಳೂರು, ಮಲೆನಾಡಿನ ಮಳೆಗಾಲದಲ್ಲಿ ಹೊಳೆಯುವ ಕ್ರೋಮ್ ಕಾರ್ಡುಗಳು ಹಪ್ಪಳದ ಹಾಗೆ ಬಾಗುತ್ತವೆ, ಯಾಕೆಂದರೆ ಹಿಂದಿನ ಕಾಗದ ತೇವ ಹೀರಿ ಹಿಗ್ಗುತ್ತದೆ, ಮುಂದಿನ ಲೇಪ ಹಿಗ್ಗುವುದಿಲ್ಲ. ಗಾಳಿಯಾಡದ ಡಬ್ಬಿ, ಸಿಲಿಕಾ ಜೆಲ್ ಪೊಟ್ಟಣ ಸಾಕು. ಬೀರುವಿನ ಸೀರೆಗಳ ಜೊತೆ ಇಟ್ಟು ನುಸಿಗುಳಿಗೆ ಮಾತ್ರ ಹಾಕಬೇಡಿ, ಅದರ ಆವಿ ಕೆಲವು ಪ್ಲಾಸ್ಟಿಕ್‌ಗಳನ್ನು ಮೆತ್ತಗೆ ಮಾಡುತ್ತದೆ.

ತೆರಿಗೆ: ನಿಮ್ಮ ಹೆಸರಿನಲ್ಲಿ ಹೂಡಿಕೆಯೆಂದು ಇಟ್ಟು 24 ತಿಂಗಳ ಮೇಲೆ ಮಾರಿದರೆ ಲಾಭಕ್ಕೆ ಶೇ 12.5, ಅದಕ್ಕೆ ಮುಂಚೆ ಮಾರಿದರೆ ನಿಮ್ಮ ಸ್ಲ್ಯಾಬ್ ದರ (ಇದು ಆದಾಯ ತೆರಿಗೆಯ ಸ್ಲ್ಯಾಬ್!). ಮಗನ ಹೆಸರಿನಲ್ಲಿದ್ದರೆ ಅಮೆರಿಕದಲ್ಲಿ ಸಂಗ್ರಹ ವಸ್ತುಗಳ ದೀರ್ಘಾವಧಿ ಲಾಭಕ್ಕೆ ಸಾಮಾನ್ಯವಾಗಿ ಶೇ 28ರವರೆಗೆ ಬೀಳುತ್ತದೆ, ಷೇರಿನ ದರಕ್ಕಿಂತ ಹೆಚ್ಚು. ನೀವು ಕಳಿಸಿದ 8 ಲಕ್ಷ ಉಡುಗೊರೆಯೋ, ಸಾಲವೋ, ಪಾಲೋ ಎಂದು ಈಗಲೇ ಇಬ್ಬರೂ ಬರೆದಿಟ್ಟುಕೊಳ್ಳಿ. ಅಪ್ಪ ಮಗನ ನಡುವೆ ಇದೆಲ್ಲ ಯಾಕೆ ಅನ್ನಿಸಬಹುದು, ಲೆಕ್ಕ ಕೇಳುವ ದಿನ ಬಂದಾಗ ಅದು ಬೇಕಾಗುತ್ತದೆ.

ಅವನ ಆಸೆಗೆ ತಣ್ಣೀರು ಎರಚಬೇಕಿಲ್ಲ. ಅವನ ಸಂಬಳದಲ್ಲಿ, ಸಿನಿಮಾ ಹೋಟೆಲ್ಲಿಗೆ ಖರ್ಚು ಮಾಡುವಷ್ಟರಲ್ಲಿ ಮಾಡಲಿ. ಬಾಕ್ಸ್ ಬಿಟ್ಟು ಬಿಡಿ ಕಾರ್ಡು, ಅದೂ ಆಟ ಮುಗಿಸಿ ಹೆಸರು ಗಟ್ಟಿಯಾದವರದು. ಬೆಲೆಗೆ ಇಬೇಯಲ್ಲಿ ಕೇಳುತ್ತಿರುವ ದರ ನೋಡಬಾರದು, ಮಾರಾಟವಾದವುಗಳ ಪಟ್ಟಿ ನೋಡಬೇಕು. ಚೌಕಾಸಿಯಲ್ಲಿ ಇಳಿದ ನಿಜವಾದ ದರ 130ಪಾಯಿಂಟ್ ಎಂಬ ತಾಣದಲ್ಲಿ ಸಿಗುತ್ತದೆ. ಕಳೆದ ಮೂರು ತಿಂಗಳಲ್ಲಿ ಅದೇ ಕಾರ್ಡು ಅದೇ ದರ್ಜೆಯಲ್ಲಿ ಐದು ಸಲವೂ ಮಾರಾಟವಾಗಿಲ್ಲ ಎಂದರೆ ಅದಕ್ಕೆ ಬೆಲೆ ಇದೆ ಎನ್ನುವುದೇ ಊಹೆ.

ಈಗ ಬ್ಯಾಟ್. ಇದರ ಬಗ್ಗೆ ನನಗೆ ಹೆಚ್ಚು ಆತಂಕ, ಯಾಕೆಂದರೆ ಕಾರ್ಡಿನಲ್ಲಿ ಬೆಲೆ ಇಳಿದರೂ ಅಷ್ಟೋ ಇಷ್ಟೋ ಉಳಿಯುತ್ತದೆ, ನಕಲಿ ಬ್ಯಾಟ್ ಉರುವಲು. ಪ್ರಮಾಣಪತ್ರ ಅಚ್ಚು ಹಾಕಿಸುವುದು ಸಹಿ ನಕಲು ಮಾಡುವುದಕ್ಕಿಂತ ಸುಲಭ. 1990ರ ದಶಕದಲ್ಲಿ ಅಮೆರಿಕದ ಎಫ್‌ಬಿಐ ‘ಆಪರೇಷನ್ ಬುಲ್‌ಪೆನ್’ ಎಂಬ ತನಿಖೆಯಲ್ಲಿ ಸಹಿ ಫೋರ್ಜರಿ ಜಾಲಗಳನ್ನು ಹಿಡಿದಾಗ ಪ್ರಮಾಣಪತ್ರಗಳೂ ಜೊತೆಜೊತೆಗೇ ತಯಾರಾಗುತ್ತಿದ್ದವು. ಮದರ್ ತೆರೆಸಾ ಸಹಿ ಹಾಕಿದ ಬೇಸ್‌ಬಾಲ್ ಕೂಡ ಸಿಕ್ಕಿತ್ತು!

ಸಹಿ ಮತ್ತು ಪಂದ್ಯದ ಬಳಕೆ ಎರಡು ಬೇರೆ ಮಾತು, ಬೇರೆಬೇರೆಯಾಗಿ ಪರೀಕ್ಷಿಸಬೇಕು. ಸಹಿಯನ್ನು ಅದೇ ಭೂತಗನ್ನಡಿಯಲ್ಲಿ ನೋಡಿ. ಬ್ಯಾಟ್ ಕಂಪನಿಗಳು ಅಂಗಡಿಗೆ ಬಿಡುವ ಬ್ಯಾಟಿನ ಮೇಲೆ ಆಟಗಾರನ ಸಹಿಯನ್ನು ಅಚ್ಚು ಹಾಕಿಯೇ ಕಳಿಸುತ್ತವೆ, ಅದು ಚುಕ್ಕೆಗಳಾಗಿ ಕಂಡರೆ ಅಲ್ಲಿಗೆ ಮುಗಿಯಿತು. ರಬ್ಬರ್ ಮುದ್ರೆಯಾದರೆ ಶಾಯಿ ಗೆರೆಯ ಅಂಚಿಗೆ ಒತ್ತರಿಸಿ ನಡುವೆ ತೆಳುವಾಗಿರುತ್ತದೆ. ಕೈಬರಹದಲ್ಲಿ ಗೆರೆ ಶುರುವಾಗುವಲ್ಲಿ ಮತ್ತು ನಿಲ್ಲುವಲ್ಲಿ ದಪ್ಪ ಬದಲಾಗುತ್ತದೆ, ಒಂದನ್ನೊಂದು ದಾಟುವಲ್ಲಿ ಯಾವ ಗೆರೆ ಮೇಲಿದೆ ಎಂದು ತಿಳಿಯುತ್ತದೆ. ನಿಧಾನವಾಗಿ ನೋಡಿ ಬರೆದ ನಕಲಿಯಲ್ಲಿ ಗೆರೆ ಸಣ್ಣಗೆ ನಡುಗಿರುತ್ತದೆ.

ಪಂದ್ಯದಲ್ಲಿ ಆಡಿದ್ದು ಎಂಬ ಮಾತಿಗೆ ಅಡುಗೆಮನೆಯ ತಕ್ಕಡಿಯೇ ಮೊದಲ ಸಾಕ್ಷಿ. ಸಚಿನ್ ಭಾರದ ಬ್ಯಾಟಿಗೆ ಹೆಸರಾದವರು, 3 ಪೌಂಡಿಗೂ ಮೇಲೆ, ಅಂದರೆ 1.36 ಕೆಜಿ ಮೀರಿದ್ದು. ಹಳೆಯ ಮರ ಒಣಗಿ ಸ್ವಲ್ಪ ತೂಕ ಕಳೆದುಕೊಳ್ಳಬಹುದು, ಆದರೆ ತಕ್ಕಡಿ 1.1 ಕೆಜಿ ತೋರಿಸಿದರೆ ಅದು ಅವರ ಕೈಯ ಬ್ಯಾಟಲ್ಲ. ಎರಡನೆಯದು ಸ್ಟಿಕ್ಕರ್. 1996ರ ವಿಶ್ವಕಪ್‌ನಲ್ಲಿ ಅವರ ಬ್ಯಾಟಿನ ಮೇಲೆ ಪ್ರಾಯೋಜಕರ ಹೆಸರಿರಲಿಲ್ಲ, ಆಮೇಲೆ ಬಹಳ ವರ್ಷ ಎಂಆರ್‌ಎಫ್, ಕೊನೆಯ ವರ್ಷಗಳಲ್ಲಿ ಅಡಿಡಾಸ್. ಮಾರುವವರು ಹೇಳುವ ಪಂದ್ಯದ ವರ್ಷಕ್ಕೂ ಸ್ಟಿಕ್ಕರಿಗೂ ತಾಳೆಯಾಗಬೇಕು. ಮೂರನೆಯದು ಮರದ ನಾರು. ವಿಲೋ ಹಲಗೆಯ ಉದ್ದ ಗೆರೆಗಳು, ಕಪ್ಪು ಚುಕ್ಕೆ, ಗಂಟಿನ ಗುರುತು ಬೆರಳಚ್ಚಿನ ಹಾಗೆ. ಎರಡು ಬ್ಯಾಟಿಗೆ ಒಂದೇ ಬರುವುದಿಲ್ಲ. ಪಂದ್ಯದ ಸ್ಪಷ್ಟ ಛಾಯಾಚಿತ್ರದಲ್ಲಿ ಆ ಗುರುತು ಅದೇ ಜಾಗದಲ್ಲಿ ಕಂಡರೆ ಮಾತ್ರ ಆಡಿದ ಬ್ಯಾಟ್ ಎನ್ನಲು ಆಧಾರ. 2011ರ ವಿಶ್ವಕಪ್ ಫೈನಲ್‌ನಲ್ಲಿ ಧೋನಿ ಆಡಿದ ಬ್ಯಾಟ್ ಅದೇ ಜುಲೈನಲ್ಲಿ ಲಂಡನ್ನಿನ ದತ್ತಿ ಹರಾಜಿನಲ್ಲಿ 1 ಲಕ್ಷ ಪೌಂಡ್‌ಗೆ ಹೋಯಿತು. ಅಲ್ಲಿ ಪಂದ್ಯ, ದಿನ, ಕೊಟ್ಟವರು ಎಲ್ಲವೂ ಗೊತ್ತಿತ್ತು. ಸಚಿನ್ ನಿಜವಾಗಿ ಆಡಿದ, ದಾಖಲೆಯಿರುವ ಬ್ಯಾಟ್ ಒಂದೂವರೆ ಲಕ್ಷ ರೂಪಾಯಿಗೆ ಪರಿಚಯದವರ ಮೂಲಕ ಮನೆ ಬಾಗಿಲಿಗೆ ಬರುತ್ತದೆ ಎಂದರೆ ಆ ಅಗ್ಗದ ಬೆಲೆಯೇ ಅನುಮಾನಕ್ಕೆ ಕಾರಣ.

ಪರಿಚಯದವರನ್ನು ನೋಯಿಸದೆ ಕೇಳುವ ದಾರಿ ಹೀಗೆ: ತಕ್ಕಡಿಯ ಮೇಲಿಟ್ಟ ಬ್ಯಾಟಿನ ಒಂದು ಫೋಟೋ, ಹಗಲು ಬೆಳಕಿನಲ್ಲಿ ಮುಖದ ನಾರು ಪೂರ್ತಿ ಕಾಣುವ ಇನ್ನೊಂದು, ಸಹಿಯ ಹತ್ತಿರದ ಮತ್ತೊಂದು ಕಳಿಸಲಿ. ಜೊತೆಗೆ ಯಾವ ಊರಿನ ಯಾವ ಪಂದ್ಯ, ಅಲ್ಲಿಂದ ಯಾರ ಕೈಗೆ, ಅವರಿಂದ ಇವರಿಗೆ ಹೇಗೆ ಎಂದು ಒಂದು ಹಾಳೆಯಲ್ಲಿ ಬರೆದು ಸಹಿ ಹಾಕಿ ಕೊಡಲಿ. ಅಷ್ಟು ಕೈಗೆ ಬಂದು ತಾಳೆಯಾಗುವ ತನಕ ಮುಂಗಡವೆಂದು ಸಾವಿರ ರೂಪಾಯಿಯನ್ನೂ ಕೊಡಬೇಡಿ.